ಪಾವ್ ಕಿಲೋ ಟೊಮೆಟೊ

2023ರಲ್ಲಿ ಅಸೈನ್‌ಮೆಂಟ್ ತಿದ್ದಲು ಕೂತರೆ, ನನ್ನ ಅರವತ್ತು ವಿದ್ಯಾರ್ಥಿಗಳ ಇಂಗ್ಲಿಷ್ ರಾತ್ರೋರಾತ್ರಿ ಸುಧಾರಿಸಿತ್ತು. ಬೆಲೆ ಏರಿಕೆಗೆ ಎಲ್ಲರದೂ ಅದೇ ಮೂರು ಕಾರಣ, ಅದೇ ಕ್ರಮ. ಚಾಟ್‌ಜಿಪಿಟಿ ಬಂದು ಆಗಿನ್ನೂ ವರ್ಷ ತುಂಬಿರಲಿಲ್ಲ. ನಾನು ಮುಂಬೈನ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುವವನು.

ಯಂತ್ರ ಬರೆದದ್ದನ್ನು ಪತ್ತೆ ಹಚ್ಚುವ ಸಾಫ್ಟ್‌ವೇರ್ ಹಿಂದೆ ಬಿದ್ದೆ. ಅದು ಮೊದಲು ಬೆರಳು ತೋರಿಸಿದ್ದು ಕಾರ್ಕಳ ಕಡೆಯ ಹುಡುಗನೊಬ್ಬನ ಮೇಲೆ. ಬೆಳಿಗ್ಗೆ ಏಳಕ್ಕೆ ಕ್ಲಾಸು, ಆಮೇಲೆ ಉಡುಪಿ ಹೋಟೆಲಿನ ಕೌಂಟರು. ಕರೆದು ಗದರಿಸಿದೆ. ಮಾತಾಡಲಿಲ್ಲ. ಮರುದಿನ ಒಂದು ಕಟ್ಟು ಹಳೇ ಬಿಲ್ ತಂದು ಮೇಜಿನ ಮೇಲಿಟ್ಟ. ಹಿಂಬದಿಯಲ್ಲಿ ಪೂರ್ತಿ ಕರಡು. ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್, ಒಂದು ಚೀಟಿಗೆ ಸಾಂಬಾರಿನ ಕಲೆ ಬೇರೆ. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

ಆಮೇಲೆ ಹುಡುಕಿ ಓದಿದೆ. ಸ್ಟ್ಯಾನ್‌ಫರ್ಡ್‌ನವರು ಅದೇ ವರ್ಷ ಇಂಥ ಏಳು ಡಿಟೆಕ್ಟರ್ ಪರೀಕ್ಷಿಸಿದ್ದರು. ಇಂಗ್ಲಿಷ್ ಮನೆಮಾತಲ್ಲದವರು ಬರೆದ 91 ಟೋಫೆಲ್ (ಇಂಗ್ಲಿಷ್ ಪರೀಕ್ಷೆ) ಪ್ರಬಂಧಗಳಲ್ಲಿ ಸರಾಸರಿ ಶೇ. 61ರಷ್ಟನ್ನು ಅವು ಯಂತ್ರದ್ದು ಎಂದಿದ್ದವು. ಸರಳ ಪದ ಜಾಸ್ತಿ ಇದ್ದರೆ ಅವಕ್ಕೆ ಅನುಮಾನ. ನಮ್ಮ ಮಕ್ಕಳು ಬರೆಯುವುದೇ ಹಾಗಲ್ವಾ? ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕೂಡ ತನ್ನ ಡಿಟೆಕ್ಟರನ್ನು ನಿಖರತೆ ಸಾಲದೆಂದು ಆ ಜುಲೈನಲ್ಲೇ ನಿಲ್ಲಿಸಿತ್ತು.

ಹಿಡಿಯುವ ಕೆಲಸ ಬಿಟ್ಟು ಪ್ರಶ್ನೆ ಬದಲಿಸಿದೆ. ನಿಮ್ಮ ಸ್ಟೇಷನ್ ಹೊರಗಿನ ಟೊಮೆಟೊ ದರವನ್ನು ನಾಲ್ಕು ವಾರ ಡೈರಿಯಲ್ಲಿ ಬರೆದಿಡಿ, ವ್ಯಾಪಾರಿಯನ್ನು ಮಾತಾಡಿಸಿ, ವಾಶಿ ಎಪಿಎಂಸಿಯ ಸಗಟು ದರದ ಜೊತೆ ಹೋಲಿಸಿ. ಉತ್ತರ ಮಾತ್ರ ಕ್ಲಾಸಿನಲ್ಲೇ, ಕೈಯಲ್ಲೇ. ಡೈರಿ ನೋಡಬಹುದು, ಫೋನ್ ಬ್ಯಾಗಿನಲ್ಲಿ. ನಂತರ ಒಬ್ಬೊಬ್ಬರಿಗೆ ಮೂರು ನಿಮಿಷ ವೈವಾ. ಅರವತ್ತು ಜನಕ್ಕೆ ಮೂರು ಗಂಟೆ, ಎರಡು ವಾರಕ್ಕೆ ಹಂಚಿಕೊಂಡೆ. ಗಂಟಲು ಹೋಯಿತು, ನಿಜ. ಆದರೆ ಕಟ್ಟುಗಟ್ಟಲೆ ಒಂದೇ ಪ್ರಬಂಧ ಓದುವುದಕ್ಕಿಂತ ವಾಸಿ.

ಒಬ್ಬಳ ಡೈರಿಯಲ್ಲಿ ಒಂದು ದಿನ ಖಾಲಿ. ಯಾಕಮ್ಮ ಅಂದೆ. "ಗಣಪತಿ ವಿಸರ್ಜನೆ ದಿನ ಸರ್, ಅವನು ಗಾಡಿ ಹಾಕಿರಲಿಲ್ಲ." ಪೂರ್ತಿ ಅಂಕ ಕೊಟ್ಟೆ.

ಇನ್ನೊಬ್ಬನದು ನಾಲ್ಕೂ ವಾರ ಒಂದೇ ಶಾಯಿ, ಎಲ್ಲವೂ ಕಿಲೋ ಲೆಕ್ಕ.

"ನಿನ್ನ ವ್ಯಾಪಾರಿ ಹೇಗೆ ಕೂಗ್ತಾನೆ?"

"ನಲವತ್ತು ರೂಪಾಯಿ ಕಿಲೋ ಅಂತ, ಸರ್."

"ನಮ್ಮ ಗಾಡಿಯವರೆಲ್ಲ ಪಾವ್ ಲೆಕ್ಕ, ಕಾಲು ಕಿಲೋಗೆ ಹೇಳೋದಲ್ವೇನೋ?"

ಅದೊಂದೇ ಸಾಕ್ಷಿ ಆಗುವುದಿಲ್ಲ, ಗೊತ್ತು. ಆದರೆ ಅವನೇ ತಲೆ ಕೆರೆದುಕೊಂಡು ನಕ್ಕ. ಮತ್ತೆ ನಾಲ್ಕು ವಾರ ಕೊಟ್ಟೆ. ಹೊಸ ಡೈರಿಯ ಮೊದಲ ಸಾಲು: "ಪಾವ್ ಹದಿನೈದು. ಚೌಕಾಶಿ ಮಾಡಿದ್ದಕ್ಕೆ ಬೈದ."