ಜೆಂಡರ್ ಮತ್ತು ಅಸಮಾನತೆ ಬಗ್ಗೆ ಮಾಸ್ಟರ್ಸ್ ಮಾಡ್ತಿದ್ದೀರಾ? ಪ್ರಶ್ನಾವಳಿಯನ್ನೂ ಓದಿ

ಕೋರ್ಸ್ ಶುರುವಾದ ತಕ್ಷಣ ಸಿದ್ಧಾಂತದ ಓದು ರಾಶಿ ಬೀಳುತ್ತದೆ. ಓದಲೇಬೇಕು. ಆದರೆ ಜೊತೆಗೇ ಇನ್ನೊಂದು ಅಭ್ಯಾಸ ಮಾಡಿಕೊಳ್ಳಿ: ಯಾವ ಅಂಕಿಅಂಶ ಕಣ್ಣಿಗೆ ಬಿದ್ದರೂ ಅದನ್ನು ಯಾರನ್ನು ಕೇಳಿ, ಏನಂತ ಕೇಳಿ ತೆಗೆದರು ಅಂತ ಹುಡುಕಿ. ಎಷ್ಟೋ ವರದಿಗಳಲ್ಲಿ ಪ್ರಶ್ನಾವಳಿ ಕೊನೆಯ ಪುಟಗಳಲ್ಲೇ ಇರುತ್ತದೆ.

ಸಮಯ ಬಳಕೆಯ ಸಮೀಕ್ಷೆಯನ್ನೇ ತೆಗೆದುಕೊಳ್ಳಿ. ದಿನವನ್ನು ಸಣ್ಣ ಸಣ್ಣ ಅವಧಿಗಳಾಗಿ ಬಿಡಿಸಿ, ಆಗ ಏನು ಮಾಡುತ್ತಿದ್ದಿರಿ ಅಂತ ಕೇಳುತ್ತಾರೆ. ಒಬ್ಬಾಕೆ ಅಡುಗೆ ಮಾಡುತ್ತಲೇ ಮಗುವಿನ ಮೇಲೂ ಒಂದು ಕಣ್ಣಿಟ್ಟಿರುತ್ತಾಳೆ. ಫಾರಂನಲ್ಲಿ ಒಂದೇ ಕಾಲಂ ಇದ್ದರೆ 'ಅಡುಗೆ' ಅಂತ ಬರೆದುಕೊಂಡು ಮುಂದೆ ಹೋಗುತ್ತಾರೆ, ಮಗು ನೋಡಿಕೊಂಡ ಹೊತ್ತು ಲೆಕ್ಕಕ್ಕೇ ಬರುವುದಿಲ್ಲ. ಜೊತೆಗೆ ಮಾಡಿದ ಕೆಲಸಕ್ಕೂ ಒಂದು ಕಾಲಂ ಇದ್ದರೆ ಉತ್ತರವೇ ಬೇರೆ.

ಗಂಡಸು ಹೆಂಗಸರ ಸಂಬಳದ ಅಂತರದ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು. ಅರ್ಥಶಾಸ್ತ್ರಜ್ಞರಾದ ಓಅಹಾಕಾ ಮತ್ತು ಬ್ಲೈಂಡರ್ 1973ರಲ್ಲಿ ಬೇರೆ ಬೇರೆಯಾಗಿ ಪ್ರಕಟಿಸಿದ ವಿಧಾನವನ್ನು ಖಂಡಿತ ಕಲಿಯಿರಿ. ಓದು, ಅನುಭವ, ಹುದ್ದೆ ಇವುಗಳಿಂದ ಎಷ್ಟು ಅಂತರ ಬಂತು, ಉಳಿದದ್ದು ಎಷ್ಟು ಅಂತ ಅದು ಬಿಡಿಸಿ ತೋರಿಸುತ್ತದೆ. ತುಂಬಾ ಜನ ಆ 'ಉಳಿದದ್ದು' ಮಾತ್ರ ತಾರತಮ್ಯ ಅಂದುಕೊಳ್ಳುತ್ತಾರೆ. ಆದರೆ ಒಳ್ಳೆ ಹುದ್ದೆಗೆ ಹೆಂಗಸರು ಯಾಕೆ ತಲುಪಲಿಲ್ಲ ಅನ್ನುವುದೂ ಅಸಮಾನತೆಯ ಪ್ರಶ್ನೆಯೇ ಅಲ್ವಾ? ಕ್ಲಾಡಿಯಾ ಗೋಲ್ಡಿನ್ ಅವರ ಕೆಲಸವನ್ನು ಇಲ್ಲಿ ಬಿಡಬೇಡಿ. 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು ಅವರು. ಈಗಿನ ಅಂತರದ ಹೆಚ್ಚಿನ ಪಾಲು ಒಂದೇ ಉದ್ಯೋಗದಲ್ಲಿರುವ ಗಂಡಸು ಹೆಂಗಸರ ನಡುವೆಯೇ ಇದೆ, ಅದು ಬಹುಮಟ್ಟಿಗೆ ಮೊದಲ ಮಗು ಹುಟ್ಟಿದ ಮೇಲೆ ಶುರುವಾಗುತ್ತದೆ ಅಂತ ಅವರು ತೋರಿಸಿದ್ದಾರೆ.

ಇನ್ನು, ಸುಮ್ನೆ 'ಗಂಡು, ಹೆಣ್ಣು' ಅಂತ ಎರಡು ಸಾಲು ಮಾಡಿ ನಿಲ್ಲಿಸಬೇಡಿ. ಅಮೆರಿಕದ ಕಾನೂನು ವಿದ್ವಾಂಸೆ ಕಿಂಬರ್ಲೆ ಕ್ರೆನ್‌ಶಾ 1989ರ ಲೇಖನದಲ್ಲಿ ಅಮೆರಿಕದ ಕಾರು ಕಂಪನಿಯೊಂದರ ಮೊಕದ್ದಮೆ ಎತ್ತಿಕೊಂಡರು. ತಮಗೆ ತಾರತಮ್ಯ ಆಗಿದೆ ಅಂತ ಕೇಸು ಹಾಕಿದವರು ಕಪ್ಪು ಹೆಂಗಸರು. ಕಂಪನಿ 1964ಕ್ಕೆ ಮುಂಚೆಯೇ ಹೆಂಗಸರಿಗೆ ಕೆಲಸ ಕೊಟ್ಟಿದೆಯಲ್ಲ ಅಂದಿತು ಕೋರ್ಟು, ಆದರೆ ಆಗ ಸೇರಿದ ಹೆಂಗಸರೆಲ್ಲ ಬಿಳಿಯರು. ನಿಮ್ಮ ಡೇಟಾದಲ್ಲೂ ಲಿಂಗದ ಜೊತೆ ವರ್ಗ, ಜನಾಂಗ, ಜಾತಿ, ವಯಸ್ಸು ಸೇರಿಸಿ ಬಿಡಿಸಿ ನೋಡಿ.

ಥೀಸಿಸ್‌ಗೆ ಪ್ರಶ್ನೆ ಚಿಕ್ಕದಿರಲಿ. 'ಮಹಿಳೆ ಮತ್ತು ಉದ್ಯೋಗ' ಅಂದರೆ ಎಲ್ಲಿಗೂ ಮುಟ್ಟುವುದಿಲ್ಲ. 'ರಾತ್ರಿ ಪಾಳಿ ಮಾಡುವ ನರ್ಸುಗಳ ಮನೆಯಲ್ಲಿ ಹಗಲು ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ' ಅಂದರೆ ನಾಳೆಯೇ ಕೆಲಸ ಶುರು ಮಾಡಬಹುದು. ಸಂದರ್ಶನಕ್ಕೆ ಹೋದಾಗ ಹೆಂಡತಿಯ ಬದಲು ಗಂಡನೇ ಉತ್ತರ ಕೊಟ್ಟರೆ ಅದನ್ನೂ ಬರೆದಿಟ್ಟುಕೊಳ್ಳಿ.