ನ್ಯೂಜೆರ್ಸಿಗೆ ಹೊರಟ ಉಡುಪಿಯವರಿಗೆ: ಮಗುವಿನ ಶಾಲೆ ಯಾರದು?

ಈ ಸಲ ರಜೆಯಲ್ಲಿ ಉಡುಪಿಗೆ ಬಂದಾಗ, ನ್ಯೂಜೆರ್ಸಿಗೆ ಹೊರಟಿರುವ ನೆರೆಮನೆಯ ದಂಪತಿ ಮೊದಲು ಕೇಳಿದ್ದು ಮಗುವಿನ ಶಾಲೆಯ ವಿಚಾರ. ಅಲ್ಲಿನ ಸಾರ್ವಜನಿಕ ಶಾಲೆಯ ದಾಖಲಾತಿಗೆ ವಿಳಾಸದ ಪುರಾವೆ, ಜನನ ಪ್ರಮಾಣಪತ್ರ, ಲಸಿಕೆಯ ವಿವರ ಒಯ್ಯಿರಿ, ಶುಲ್ಕವಿಲ್ಲ. ಆದರೆ ಆ ಶಾಲೆಯನ್ನು ನಡೆಸುವವರು ಯಾರೆಂದು ತಿಳಿಯದೆ ನಾನು ಆರು ವರ್ಷ ಕಳೆದೆ.

ನಮ್ಮೂರ ಸರಕಾರಿ ಶಾಲೆಯ ಶಿಕ್ಷಕರಿಗೆ ರಾಜ್ಯ ಸರಕಾರ ಸಂಬಳ ಕೊಡುತ್ತದೆ, ದೂರಿಗೆ ಬಿಇಒ ಕಚೇರಿಯಿದೆ, ಮಾಡು ಸೋರಿದರೆ ಎಸ್‌ಡಿಎಂಸಿಯವರು ಮುಂಬಯಿಯಲ್ಲಿರುವ ಹಳೆವಿದ್ಯಾರ್ಥಿಗಳನ್ನು ಕೇಳುತ್ತಾರೆ. ನ್ಯೂಜೆರ್ಸಿಯಲ್ಲಿ ಶಾಲೆಯ ಖರ್ಚಿನ ದೊಡ್ಡ ಪಾಲು ಆಯಾ ಊರಿನ ಆಸ್ತಿ ತೆರಿಗೆಯಿಂದಲೇ ಬರುತ್ತದೆ. ಅದಕ್ಕೆ ರಾಜ್ಯದ ನೆರವು ಸೇರುತ್ತದೆ, ಕೇಂದ್ರದ್ದು ಸಣ್ಣ ಪಾಲು. ತೆರಿಗೆಯ ಬಿಲ್ಲಿನಲ್ಲಿ ಶಾಲೆಗೆ ಪ್ರತ್ಯೇಕ ಸಾಲು ಇರುತ್ತದೆ, ಅನೇಕ ಊರುಗಳಲ್ಲಿ ಅದೇ ಅತಿ ದೊಡ್ಡ ಮೊತ್ತ. 2010ರ ಕಾನೂನಿನಂತೆ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಈ ತೆರಿಗೆಯನ್ನು ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರಿಸುವಂತಿಲ್ಲವಾದ್ದರಿಂದ, ಖರ್ಚು ಅದನ್ನು ಮೀರಿದ ವರ್ಷ ಏನಾದರೊಂದಕ್ಕೆ ಕತ್ತರಿ ಬೀಳುತ್ತದೆ.

ನಾನು ಬಾಡಿಗೆ ಮನೆಯಲ್ಲಿದ್ದೆ, ಮತದ ಹಕ್ಕೂ ಇರಲಿಲ್ಲ. ತೆರಿಗೆ ನನ್ನದಲ್ಲದ ಮೇಲೆ ನಾನು ಮಾತಾಡುವುದೇನು ಎಂದುಕೊಂಡಿದ್ದೆ. ಒಂದು ಸೆಪ್ಟೆಂಬರಿನಲ್ಲಿ ಮಗಳು ಪಿಟೀಲಿನ ಪೆಟ್ಟಿಗೆ ಹೊತ್ತು ಶಾಲೆಗೆ ಹೋದವಳು ಅದನ್ನು ಬಿಚ್ಚದೆಯೇ ಮರಳಿದಳು: ಅವಳ ತರಗತಿಗೆ ಆ ಪಾಠ ನಿಂತಿತ್ತು. ಊರಿನ ರೂಢಿಯಂತೆ ಮುಖ್ಯೋಪಾಧ್ಯಾಯಿನಿಯ ಬಳಿಗೆ ಓಡಿದೆ. ಅವರ ಕೈಯಲ್ಲಿ ಏನೂ ಇರಲಿಲ್ಲ. ಊರವರು ಮತ ಹಾಕಿ ಮೂರು ವರ್ಷಕ್ಕೆ ಆರಿಸಿದ, ಸಂಬಳವಿಲ್ಲದೆ ದುಡಿಯುವ ಶಿಕ್ಷಣ ಮಂಡಳಿಯ ಸದಸ್ಯರು ಹಿಂದಿನ ಮೇ ತಿಂಗಳಲ್ಲೇ, ಎಲ್ಲರಿಗೂ ತೆರೆದ ಬಜೆಟ್ ಸಭೆ ನಡೆಸಿ, ಅದನ್ನು ತೀರ್ಮಾನಿಸಿದ್ದರು. ಮತವಿಲ್ಲದ ನಾನೂ ಅಲ್ಲಿ ಎದ್ದು ಮಾತಾಡಬಹುದಿತ್ತು. ನಾನು ತೆರುತ್ತಿದ್ದ ಬಾಡಿಗೆಯೊಳಗೇ ಮನೆಯೊಡೆಯರ ತೆರಿಗೆಯೂ ಅಡಗಿದೆಯೆಂಬುದು ಆಮೇಲೆ ಹೊಳೆಯಿತು. ಆ ನೋವು ಇಂದಿಗೂ ಆರಿಲ್ಲ.

ಆದ್ದರಿಂದ ಏಪ್ರಿಲ್ ಕೊನೆಗೋ ಮೇ ಮೊದಲಿಗೋ ನಡೆಯುವ ಬಜೆಟ್ ಸಭೆಯನ್ನು ದಯವಿಟ್ಟು ತಪ್ಪಿಸಬೇಡಿ. ನಮ್ಮಲ್ಲಿ ಬಾಗಿಲ ಬಳಿಯ ಹಾಳೆಯಲ್ಲಿ ಹೆಸರು ಬರೆದವರಿಗೆ ಮೂರು ನಿಮಿಷ ಸಿಗುತ್ತದೆ. ಮರುವರ್ಷ ಮೈಕಿನ ಮುಂದೆ ನಿಂತಾಗ ಕೈಯಲ್ಲಿದ್ದ ಕಾಗದ ನಡುಗುತ್ತಿತ್ತು, ಮಗಳು ಹಿಂದಿನ ಸಾಲಿನಲ್ಲಿ ಕುಳಿತು ನೋಡುತ್ತಿದ್ದಳು. ನನ್ನ ತಂದೆ ಊರ ಶಾಲೆಯ ಸಮಿತಿಯಲ್ಲಿ ಎದ್ದು ನಿಂತು ವಾದಿಸುವುದನ್ನು ನೋಡಿ ಬೆಳೆದವನು ನಾನು. ಅದು ನಮ್ಮ ಶಾಲೆಯೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮಗಳಿಗೆ ಅಂಥದ್ದನ್ನು ಕಾಣಿಸಲು ನಾನು ಆರು ವರ್ಷ ತೆಗೆದುಕೊಂಡೆ. ಪಿಟೀಲಿನ ಪಾಠ ಮರಳಲು ಇನ್ನೂ ಎರಡು ವರ್ಷ ಹಿಡಿಯಿತು. ಅಷ್ಟರಲ್ಲಿ ಅವಳು ಆ ಶಾಲೆ ಬಿಟ್ಟಾಗಿತ್ತು.