ಕಳಚಿ ನಿಲ್ಲಿಸಿದ ಟ್ರೈಲರ್‌ಗೆ ಬೀಗ: ನನ್ನ ಅನುಭವ

ಲಾರಿಗೆ ಕೀಲಿ ಇದೆ, ಎಂಜಿನ್ ಇದೆ, ಕ್ಯಾಬಿನ್ನಿನ ಬಾಗಿಲಿದೆ. ಕಳಚಿ ನಿಲ್ಲಿಸಿದ ಟ್ರೈಲರ್‌ಗೆ ಇವು ಯಾವುವೂ ಇಲ್ಲ. ಅದರ ಮುಂಭಾಗದ ತಟ್ಟೆಯ ಕೆಳಗೆ ಒಂದು ಉಕ್ಕಿನ ಗೂಟ ಇಳಿಬಿದ್ದಿರುತ್ತದೆ. ಅದೇ ಕಿಂಗ್‌ಪಿನ್. ಅದನ್ನು ಹಿಡಿದವನಿಗೆ ಇಡೀ ಟ್ರೈಲರ್ ಸಿಕ್ಕಂತೆ. ಬಹುಪಾಲು ಟ್ರೈಲರ್‌ಗಳಲ್ಲಿ ಆ ಗೂಟದ ಕುತ್ತಿಗೆಯ ಅಳತೆ ಒಂದೇ: 50.8 ಮಿಲಿಮೀಟರ್, ಅಂದರೆ ಎರಡು ಇಂಚು. ಐಎಸ್‌ಒ 337 ಮಾನದಂಡ ಅದನ್ನು ಹಾಗೆ ಗೊತ್ತುಮಾಡಿದೆ. ಯಾವ ಲಾರಿಯಾದರೂ ಯಾವ ಟ್ರೈಲರನ್ನಾದರೂ ಎಳೆಯಲಿ ಎಂದು ಮಾಡಿದ ಈ ಏರ್ಪಾಡು ಕಳ್ಳನ ಲಾರಿಗೂ ಅಷ್ಟೇ ಅನುಕೂಲ. ಹಿಮ್ಮುಖವಾಗಿ ಬಂದು ಕಿಂಗ್‌ಪಿನ್ ಕಚ್ಚಿಸಿ, ಗಾಳಿಯ ಕೊಳವೆ ಜೋಡಿಸಿ, ಟ್ರೈಲರ್‌ನ ಮುಂಭಾಗವನ್ನು ಹೊತ್ತು ನಿಂತ ಕಾಲುಗಳನ್ನು ಮೇಲೆತ್ತಿ ಹೊರಟರೆ ಮುಗಿಯಿತು. ನೋಡಿದವರಿಗೆ ಅದು ಕಳ್ಳತನವೆಂದು ಹೊಳೆಯುವುದೂ ಇಲ್ಲ. ಯಾರೋ ಚಾಲಕ ತನ್ನ ಪಾಡಿಗೆ ತನ್ನ ಕೆಲಸ ಮಾಡುತ್ತಿದ್ದಾನೆ ಎಂದುಕೊಳ್ಳುತ್ತಾರೆ.

ಸರಕು ಸಾಗಣೆಯ ಸಂಸ್ಥೆಯೊಂದರಲ್ಲಿ ಟ್ರೈಲರ್‌ಗಳ ನಿಲುಗಡೆಯ ಹೊಣೆ ನನ್ನದು. ಬೀಗಗಳ ವ್ಯವಸ್ಥೆ ಮಾಡಬೇಕೆಂದು ಹೊರಟಾಗ ಮೊದಲು ನನ್ನ ಮೇಜಿಗೆ ಬಂದದ್ದು ತಯಾರಕರ ಪುಸ್ತಿಕೆಗಳು. ಒಂದೊಂದರಲ್ಲೂ ಉಕ್ಕು ಎಷ್ಟು ಗಟ್ಟಿ, ಕೊಂಡಿ ಎಷ್ಟು ದಪ್ಪ, ಎಷ್ಟು ಬಲಕ್ಕೆ ಜಗ್ಗುವುದಿಲ್ಲ ಎಂಬ ವಿವರಗಳೇ. ಆ ಬೀಗವನ್ನು ಹಾಕುವವನು ಯಾರು, ಎಲ್ಲಿ ನಿಂತು ಹಾಕುತ್ತಾನೆ, ಎಷ್ಟು ಹೊತ್ತಿನಲ್ಲಿ ಹಾಕುತ್ತಾನೆ ಎಂಬುದರ ಬಗ್ಗೆ ಒಂದು ಸಾಲೂ ಇರಲಿಲ್ಲ. ನನ್ನ ಮಟ್ಟಿಗೆ ಇಡೀ ವಿಷಯ ಇರುವುದೇ ಅಲ್ಲಿ.

ಕಿಂಗ್‌ಪಿನ್ ಬೀಗದ ಕೆಲಸ ಸರಳ. ಗೂಟದ ಸುತ್ತ ದಪ್ಪ ಉಕ್ಕಿನ ಬಟ್ಟಲನ್ನೋ ಬಳೆಯನ್ನೋ ತೊಡಿಸಿ ಬೀಗ ಹಾಕಿದರೆ, ಹಿಂದಕ್ಕೆ ಬಂದ ಲಾರಿಯ ಫಿಫ್ತ್ ವೀಲ್‌ನ, ಅಂದರೆ ಟ್ರೈಲರ್ ಕೂರುವ ಜೋಡಣೆ ತಟ್ಟೆಯ, ದವಡೆಗೆ ಕಚ್ಚಲು ಕುತ್ತಿಗೆಯೇ ಸಿಗುವುದಿಲ್ಲ. ಆದರೆ ಆ ಗೂಟ ಇರುವ ಜಾಗ ನೋಡಿ. ಟ್ರೈಲರ್‌ನ ಮುಂದಿನ ಅಂಚಿನಿಂದ ಸುಮಾರು ಒಂದು ಮೀಟರ್, ಕೆಲವು ಮಾದರಿಗಳಲ್ಲಿ ಅದಕ್ಕೂ ಹೆಚ್ಚು ಒಳಗೆ. ತಲೆ ಎತ್ತಿ ನಿಲ್ಲಲಾಗದ ಎತ್ತರ. ಸುತ್ತಲೂ ಗ್ರೀಸ್, ಆ ಗ್ರೀಸ್‌ಗೆ ಮೆತ್ತಿದ ರಸ್ತೆಯ ದೂಳು. ಕೆಲವು ಕಿಲೋ ತೂಗುವ ಉಕ್ಕಿನ ತುಂಡನ್ನು ಒಂದು ಕೈಯಲ್ಲಿ ಮೇಲಕ್ಕೆ ಹಿಡಿದು, ಇನ್ನೊಂದು ಕೈಯಲ್ಲಿ ಕೀಲಿ ತಿರುಗಿಸಬೇಕು. ರಾತ್ರಿಯಾಗಿದ್ದರೆ ಟಾರ್ಚ್ ಹಿಡಿಯಲು ಮೂರನೆಯ ಕೈ ಬೇಕು.

ಮಾದರಿಗಳನ್ನು ತರಿಸಿ ಚಾಲಕರಿಗೆ ತೋರಿಸಿದಾಗ ಹಿರಿಯ ಚಾಲಕರೊಬ್ಬರು ಅತಿ ಭಾರದ ಬೀಗವನ್ನು ಎತ್ತಿ ನನ್ನ ಕೈಗೆ ಕೊಟ್ಟು, "ಮೊದಲು ನೀವೇ ಒಂದು ಸಲ ಹಾಕಿ ನೋಡಿ ಸಾರ್" ಎಂದರು. ಹಾಕಿ ನೋಡಿದೆ. ಒಂದೊಂದು ಮಾದರಿಯನ್ನೂ ಹಗಲಿನಲ್ಲಿ, ಕತ್ತಲಲ್ಲಿ, ಕೈಗವಸು ತೊಟ್ಟು, ಕೈಗವಸಿಲ್ಲದೆ ಹಾಕಿ ತೆಗೆದೆ. ಎರಡು ಭಾಗಗಳಾಗಿ ಬಿಚ್ಚಿಕೊಳ್ಳುವ ಬಳೆಗಳು ಕತ್ತಲಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಒಂದು ಭಾಗ ಕೆಳಗೆ ಬಿದ್ದರೆ ಹುಡುಕುವಷ್ಟರಲ್ಲಿ ಚಾಲಕನ ಸಹನೆ ಮುಗಿದಿರುತ್ತದೆ. ಕೀಲಿಯ ಬಾಯಿ ನೇರ ಕೆಳಮುಖವಾಗಿದ್ದರೆ ಒಳಗೆ ನೀರು ಇಳಿಯುವುದಿಲ್ಲ, ಒಪ್ಪುತ್ತೇನೆ. ಆದರೆ ಬೆನ್ನ ಮೇಲೆ ಮಲಗದೆ ಅದು ಕಣ್ಣಿಗೆ ಬೀಳುವುದಿಲ್ಲ. ಕೊನೆಗೆ ಆರಿಸಿದ್ದು ಕೆಳಗಿನಿಂದ ತೊಡಿಸುವ ಒಂದೇ ತುಂಡಿನ ಬಟ್ಟಲು. ಒತ್ತಿದರೆ ತಾನಾಗಿ ಬೀಗ ಬೀಳುತ್ತದೆ, ತೆಗೆಯಲು ಮಾತ್ರ ಕೀಲಿ ಬೇಕು. ಹಾಕುವಾಗ ಕೀಲಿಯೇ ಬೇಡ ಎಂಬ ಒಂದು ಗುಣಕ್ಕಾಗಿ ನಾನು ಉಕ್ಕಿನ ದಪ್ಪದಲ್ಲಿ ಸ್ವಲ್ಪ ರಾಜಿ ಮಾಡಿಕೊಂಡೆ. ಸಂಸ್ಥೆಯ ಲೆಕ್ಕಪತ್ರ ವಿಭಾಗದವರಿಗೆ ಇದನ್ನು ಒಪ್ಪಿಸಲು ಬೀಗ ಆರಿಸಿದ್ದಕ್ಕಿಂತ ಹೆಚ್ಚು ಶ್ರಮವಾಯಿತು.

ಆ ಮೊದಲು ಮಾದರಿಗಳನ್ನು ನಮ್ಮ ಕಾರ್ಯಾಗಾರದಲ್ಲೇ ಕತ್ತರಿಸಿಯೂ ನೋಡಿದೆವು. ಬ್ಯಾಟರಿಯಿಂದ ನಡೆಯುವ ಆ್ಯಂಗಲ್ ಗ್ರೈಂಡರ್ ಬಂದ ಮೇಲೆ ಕತ್ತರಿಸಲಾಗದ ಬೀಗ ಎಂಬುದು ಇಲ್ಲ. ಉಳಿಯುವ ಪ್ರಶ್ನೆ ಎಷ್ಟು ಹೊತ್ತು, ಎಷ್ಟು ಸದ್ದು, ಎಷ್ಟು ಕಿಡಿ ಎಂಬುದು ಮಾತ್ರ. ಹೊರಗೆ ಜೋತಾಡುವ ಸಾಮಾನ್ಯ ಬೀಗದ ಕೊಂಡಿಗೆ ಗ್ರೈಂಡರ್‌ನ ಚಕ್ರ ನೇರವಾಗಿ ತಾಗುತ್ತದೆ. ಬೋರಾನ್ ಮಿಶ್ರಿತ ಉಕ್ಕಾದರೂ ಬಹಳ ಹೊತ್ತು ನಿಲ್ಲುವುದಿಲ್ಲ. ಗೂಟಕ್ಕೆ ಬಿಗಿಯಾಗಿ ಕೂತ ಬಟ್ಟಲಿನ ಸುತ್ತ ತಟ್ಟೆ ಅಡ್ಡ ಬರುವುದರಿಂದ ಯಂತ್ರವನ್ನು ಸರಿಯಾದ ಕೋನದಲ್ಲಿ ಹಿಡಿಯಲು ಜಾಗವೇ ಇರುವುದಿಲ್ಲ. ಲೋಹದ ಗಟ್ಟಿತನಕ್ಕಿಂತ ಈ ಇಕ್ಕಟ್ಟೇ ಹೆಚ್ಚು ಕಾಪಾಡುತ್ತದೆ ಎನ್ನುವುದನ್ನು ನಮ್ಮ ಮೆಕ್ಯಾನಿಕ್ ಬೆವರು ಒರೆಸಿಕೊಳ್ಳುತ್ತಾ ದೃಢಪಡಿಸಿದರು. ಪ್ರತ್ಯೇಕ ಬೀಗ ಬಳಸಲೇಬೇಕಾದ ಜಾಗಗಳಿಗೆ ಕೊಂಡಿ ಒಳಗೇ ಅಡಗಿರುವ ಬಿಲ್ಲೆಯಾಕಾರದ ಬೀಗ ತೆಗೆದುಕೊಂಡೆ. ಯುರೋಪಿನ ಇಎನ್ 12320 ಮಾನದಂಡ ಇಂಥ ಬೀಗಗಳನ್ನು 1ರಿಂದ 6ರವರೆಗೆ ದರ್ಜೆಗೊಳಿಸುತ್ತದೆ, 6 ಅತಿ ಗಟ್ಟಿ. ಪೆಟ್ಟಿಗೆಯ ಮೇಲಿನ "ಹೈ ಸೆಕ್ಯುರಿಟಿ" ಎಂಬ ದಪ್ಪಕ್ಷರಕ್ಕಿಂತ ಈ ಅಂಕೆ ಕೇಳುವುದು ಮೇಲು.

ಇನ್ನು ಗಾಳಿಯ ಬೀಗ. ಈಗಿನ ಬಹುಪಾಲು ಟ್ರೈಲರ್‌ಗಳಲ್ಲಿ ಸ್ಪ್ರಿಂಗ್ ಬ್ರೇಕ್ ಇರುತ್ತದೆ. ಗಾಳಿಯ ಒತ್ತಡ ಇಳಿದರೆ ಸ್ಪ್ರಿಂಗ್ ಚಾಚಿಕೊಂಡು ಚಕ್ರಗಳನ್ನು ಹಿಡಿಯುತ್ತದೆ, ಮತ್ತೆ ಗಾಳಿ ತುಂಬಿದರೆ ಮಾತ್ರ ಬಿಡುತ್ತದೆ. ಆ ಗಾಳಿ ಲಾರಿಯಿಂದ ಕೆಂಪು ಕೊಳವೆಯಲ್ಲಿ ಬರುತ್ತದೆ. ಟ್ರೈಲರ್‌ನ ಮುಂಗೋಡೆಯಲ್ಲಿ ಆ ಕೊಳವೆ ಸೇರುವ ಬಾಯಿಗೆ ಒಂದು ಚಿಕ್ಕ ಬೀಗ ಹಾಕಿದರೆ ಬ್ರೇಕ್ ಬಿಡಿಸಲು ಗಾಳಿ ಹೋಗುವ ದಾರಿ ಮುಚ್ಚುತ್ತದೆ. ಬ್ರೇಕ್ ಬಲ್ಲ ಮೆಕ್ಯಾನಿಕ್ ಈ ಬೀಗವನ್ನು ತಪ್ಪಿಸಿ ಬ್ರೇಕ್ ಬಿಡಿಸಬಲ್ಲ, ಹಾಗಾಗಿ ಕಿಂಗ್‌ಪಿನ್ ಬೀಗಕ್ಕಿಂತ ಇದು ದುರ್ಬಲ. ಆದರೂ ನಮ್ಮ ಅಂಗಳದಲ್ಲಿ ತಪ್ಪದೆ ಬೀಳುವ ಬೀಗ ಇದೇ. ಏಕೆಂದರೆ ಚಾಲಕ ಕೊಳವೆ ಬಿಚ್ಚಲು ಅಲ್ಲೇ ನಿಂತಿರುತ್ತಾನೆ. ಬಿಚ್ಚಿದ ಬಾಯಿಗೆ ಬೀಗ ಸಿಕ್ಕಿಸುವುದು ಅದೇ ಕೈಯ ಮುಂದಿನ ಚಲನೆ.

ಕಿಂಗ್‌ಪಿನ್ ಬೀಗದ ಪಾಡು ಹಾಗಲ್ಲ. ಲಾರಿ ಅಡಿಯಿಂದ ಹೊರಬಂದ ಮೇಲಷ್ಟೇ ಗೂಟ ತೆರೆದುಕೊಳ್ಳುತ್ತದೆ. ಅಷ್ಟು ಹೊತ್ತಿಗೆ ಚಾಲಕ ಸೀಟಿನಲ್ಲಿ ಕೂತಿರುತ್ತಾನೆ, ಗೇರ್ ಹಾಕಿರುತ್ತಾನೆ, ಮನಸ್ಸು ಮನೆಯ ದಾರಿ ಹಿಡಿದಿರುತ್ತದೆ. ಆಗ ಮತ್ತೆ ಇಳಿದು, ಬಾಗಿ, ಗ್ರೀಸಿನ ನಡುವೆ ಕೈ ಹಾಕು ಎಂದರೆ ಎಂಥ ಪ್ರಾಮಾಣಿಕನಿಗೂ ಬೇಸರವೇ. ಇದಕ್ಕೆ ನಾನು ಹೊಸ ನಿಯಮ ಹೊರಡಿಸಲು ಹೋಗಲಿಲ್ಲ, ಹಳೆಯದೊಂದನ್ನು ಹಿಡಿದುಕೊಂಡೆ. ಟ್ರೈಲರ್ ಕಳಚುವಾಗ ಲಾರಿಯನ್ನು ಸ್ವಲ್ಪ ಮುಂದಕ್ಕೆ ತಂದು ನಿಲ್ಲಿಸಿ, ಟ್ರೈಲರ್‌ನ ಕಾಲುಗಳು ಭಾರ ಹೊತ್ತಿವೆಯೇ, ನೆಲ ಕುಸಿಯುತ್ತಿದೆಯೇ ಎಂದು ಇಳಿದು ನೋಡುವುದು ಒಳ್ಳೆಯ ಚಾಲಕರ ರೂಢಿ. ಮೆತ್ತನೆಯ ನೆಲದಲ್ಲಿ ಕಾಲು ಹೂತು ಟ್ರೈಲರ್ ಮುಗ್ಗರಿಸಿದ್ದನ್ನು ಕಂಡವರು ಈ ರೂಢಿ ಬಿಡುವುದಿಲ್ಲ. ಬೀಗವನ್ನು ಆ ಇಳಿಯುವಿಕೆಗೇ ಜೋಡಿಸಿದೆವು. ಬೀಗ ಇಡುವ ಉಕ್ಕಿನ ಗೂಡನ್ನು ಟ್ರೈಲರ್‌ನ ಕಾಲಿನ ಪಕ್ಕದಲ್ಲೇ ಬೆಸೆಸಿದೆ. ಕಾಲು ನೋಡಲು ಬಂದವನ ಕಣ್ಣಿಗೆ ಬೀಗ ಬೀಳಲೇಬೇಕು. ಜೊತೆಗೆ ಒಂದು ಒರೆಸುವ ಬಟ್ಟೆ, ಒಂದು ಜೊತೆ ಕೈಗವಸು. ಬಟ್ಟೆಗಳು ಮಾಯವಾಗುತ್ತಲೇ ಇರುತ್ತವೆ, ಇಡುತ್ತಲೇ ಇರಬೇಕು.

ಬೀಗ ಟ್ರೈಲರ್‌ನ ಆಸ್ತಿ, ಚಾಲಕನದಲ್ಲ ಎಂದು ಮೊದಲೇ ತೀರ್ಮಾನಿಸಿದ್ದೆ. ಒಬ್ಬ ತಂದು ಬಿಟ್ಟದ್ದನ್ನು ಇನ್ನೊಬ್ಬ ಒಯ್ಯುತ್ತಾನೆ. ಬೀಗ ಚಾಲಕನ ಕ್ಯಾಬಿನ್ನಿನಲ್ಲಿದ್ದರೆ ಅದು ಯಾವಾಗಲೂ ತಪ್ಪು ಊರಿನಲ್ಲಿರುತ್ತದೆ.

ಕೀಲಿಗಳ ವಿಚಾರ ಇದಕ್ಕಿಂತ ತೊಡಕಿನದು. ಪ್ರತಿ ಬೀಗಕ್ಕೂ ಬೇರೆ ಕೀಲಿಯಾದರೆ ಗೊಂಚಲು ಬೆಳೆಯುತ್ತದೆ, ಸರಿಯಾದ ಕೀಲಿ ಸಿಗದೆ ಬೆಳಗಿನ ಲೋಡು ತಡವಾಗುತ್ತದೆ, ಕೆಲವೇ ದಿನಗಳಲ್ಲಿ ಬೀಗ ಹಾಕುವುದೇ ನಿಲ್ಲುತ್ತದೆ. ಎಲ್ಲಕ್ಕೂ ಒಂದೇ ಕೀಲಿಯಾದರೆ ಒಂದು ಕಳೆದಾಗ ಎಲ್ಲವೂ ಹೋದಂತೆ. ನಾನು ಟ್ರೈಲರ್‌ಗಳನ್ನು ಗುಂಪು ಮಾಡಿ ಗುಂಪಿಗೊಂದು ಕೀಲಿ ಇಟ್ಟೆ. ತಯಾರಕರ ಅನುಮತಿಪತ್ರವಿಲ್ಲದೆ ನಕಲು ಮಾಡಲಾಗದ ಕೀಲಿಯನ್ನೇ ಕೇಳಿ ತೆಗೆದುಕೊಂಡೆ. ಕೀಲಿಯ ಮೇಲೆ ಟ್ರೈಲರ್ ಸಂಖ್ಯೆಯನ್ನಾಗಲಿ ಸಂಸ್ಥೆಯ ಹೆಸರನ್ನಾಗಲಿ ಕೆತ್ತಿಸಲಿಲ್ಲ, ಅರ್ಥವಿಲ್ಲದ ಒಂದು ಗುರುತು ಅಷ್ಟೇ. ಅದು ಯಾವುದಕ್ಕೆ ಎಂಬುದು ಕಚೇರಿಯ ಪುಸ್ತಕದಲ್ಲಿದೆ. ಅಂಕೆ ತಿರುಗಿಸುವ ಬೀಗ ತರೋಣ, ಕೀಲಿಯ ಗೊಡವೆಯೇ ಬೇಡ ಎಂದು ಸಲಹೆ ಬಂದಿತ್ತು. ನಾನು ಒಪ್ಪಲಿಲ್ಲ. ಕೆಲಸ ಬಿಟ್ಟು ಹೋಗುವವರಿಂದ ಕೀಲಿಯನ್ನು ಮರಳಿ ಪಡೆಯಬಹುದು, ತಲೆಯಲ್ಲಿರುವ ಅಂಕೆಯನ್ನು ಪಡೆಯಲಾಗುವುದಿಲ್ಲ.

ಬೆಲೆಬಾಳುವ ಸರಕಿರುವ ಟ್ರೈಲರ್‌ಗಳಿಗೆ ಮಾತ್ರ ಬೀಗ ಹಾಕಿದರೆ ಸಾಲದೇ ಎಂಬ ಮಾತು ಪ್ರತಿ ಸಭೆಯಲ್ಲೂ ಏಳುತ್ತದೆ. ಸಾಲದು, ಅಷ್ಟೇ ಅಲ್ಲ, ಅದರಿಂದ ಕೆಡುಕೇ ಹೆಚ್ಚು. ಸಾಲಾಗಿ ನಿಂತ ಟ್ರೈಲರ್‌ಗಳಲ್ಲಿ ಕೆಲವಕ್ಕೆ ಮಾತ್ರ ಬೀಗ ಕಂಡರೆ ಎಲ್ಲಿ ಏನಿದೆ ಎಂದು ನಾವೇ ಬರೆದು ತೂಗುಹಾಕಿದಂತಾಗುತ್ತದೆ. ಖಾಲಿ ಟ್ರೈಲರ್‌ಗೂ ಕಳ್ಳರಿದ್ದಾರೆ, ಬೇರೆಡೆ ಕದ್ದ ಸರಕನ್ನು ಸಾಗಿಸಲು ಅವರಿಗೆ ಅದು ಬೇಕು. ಆದ್ದರಿಂದ ನಮ್ಮಲ್ಲಿ ಖಾಲಿ, ತುಂಬಿದ್ದು ಎಂಬ ಭೇದವಿಲ್ಲ. ಬೀಗಗಳಿಗೆ ದೂರದಿಂದಲೇ ಕಾಣುವ ಹಳದಿ ಬಣ್ಣ ಬಳಿಸಿದ್ದೇನೆ, ಒಂದು ಕೆಂಪು ಪಟ್ಟಿಯೂ ತೂಗುತ್ತದೆ. ಈ ಪಟ್ಟಿ ಕಳ್ಳನಿಗಾಗಿ ಅಲ್ಲ, ನಮ್ಮವರಿಗಾಗಿ. ಬೀಗ ಇರುವುದನ್ನು ಗಮನಿಸದೆ ಲಾರಿ ಹಿಂದಕ್ಕೆ ನುಗ್ಗಿಸಿದರೆ ಫಿಫ್ತ್ ವೀಲ್‌ನ ದವಡೆಯೋ ಬೀಗವೋ, ದುರದೃಷ್ಟವಿದ್ದರೆ ಗೂಟವೋ ಹಾಳಾಗುತ್ತದೆ.

ಕಾಲುಗಳ ಹಿಡಿಕೆಗೆ ಹಾಕುವ ಬೀಗಗಳೂ ಸಿಗುತ್ತವೆ. ಏರ್ ಸಸ್ಪೆನ್ಷನ್ ಇರುವ ಲಾರಿ ಟ್ರೈಲರ್‌ನ ಮೂತಿಯನ್ನೇ ಮೇಲೆತ್ತಿ ಕಾಲು ಇಳಿಬಿಟ್ಟಂತೆಯೇ ಎಳೆದೊಯ್ಯಬಹುದು, ಹಾಗಾಗಿ ಅದಕ್ಕೆ ಖರ್ಚು ಮಾಡಲಿಲ್ಲ. ಹಿಂಬಾಗಿಲಿನ ವಿಷಯದಲ್ಲಿ ಒಂದು ಮಾತು ಮಾತ್ರ ಹೇಳಬೇಕು: ಬಾಗಿಲಿಗೆ ಹಾಕುವ ಸೀಲ್ ಎಂಬುದು ಬೀಗವಲ್ಲ. ಐಎಸ್‌ಒ 17712 ಪ್ರಕಾರ ಅತಿ ಗಟ್ಟಿಯಾದ "ಎಚ್" ದರ್ಜೆಯ ಬೋಲ್ಟ್ ಸೀಲ್ ಕೂಡ ದೊಡ್ಡ ಬೋಲ್ಟ್ ಕಟರ್‌ಗೆ ತುಂಡಾಗುತ್ತದೆ. ಯಾರೋ ತೆರೆದಿದ್ದಾರೆ ಎಂದು ತಿಳಿಸುವುದು ಅದರ ಕೆಲಸ, ತೆರೆಯದಂತೆ ತಡೆಯುವುದಲ್ಲ. ಬಾಗಿಲಿಗೆ ನಮ್ಮ ಉಪಾಯ ಲೋಹದ್ದಲ್ಲ: ಟ್ರೈಲರ್‌ಗಳನ್ನು ಬೆನ್ನಿಗೆ ಬೆನ್ನು ತಾಗುವಂತೆ ನಿಲ್ಲಿಸುತ್ತೇವೆ, ಎರಡರ ಬಾಗಿಲೂ ತೆರೆಯಲು ಜಾಗವಿರುವುದಿಲ್ಲ. ಸಾಲಿನ ಕೊನೆಯ ಟ್ರೈಲರ್‌ನ ಬೆನ್ನಿಗೆ ಗೋಡೆ.

ಜಾಗವನ್ನು ಸಿದ್ಧಪಡಿಸುವಾಗ ಐರೋಪ್ಯ ಒಕ್ಕೂಟ 2022ರಲ್ಲಿ ಲಾರಿ ನಿಲುಗಡೆ ತಾಣಗಳಿಗೆ ಗೊತ್ತುಮಾಡಿದ ಕಂಚು, ಬೆಳ್ಳಿ, ಚಿನ್ನ, ಪ್ಲಾಟಿನಂ ಎಂಬ ನಾಲ್ಕು ಹಂತಗಳನ್ನೂ, ಸಾಗಣೆ ಸರಕಿನ ಭದ್ರತೆಗಾಗಿಯೇ ಇರುವ ಟಾಪಾ ಸಂಘಟನೆಯ ನಿಲುಗಡೆ ಮಾನದಂಡವನ್ನೂ ಓದಿಕೊಂಡೆ. ಎಲ್ಲವನ್ನೂ ಮಾಡುವ ಶಕ್ತಿ ನಮ್ಮಂಥ ಸಂಸ್ಥೆಗಿಲ್ಲ. ಬೆಳಕು, ಬೇಲಿ, ಹೋಗುವ ಬರುವ ವಾಹನಗಳ ದಾಖಲೆ, ಇವಿಷ್ಟನ್ನು ಹಿಡಿದುಕೊಂಡೆ. ದೀಪಗಳನ್ನು ಟ್ರೈಲರ್‌ಗಳ ಮೂತಿಯ ಕಡೆಗೆ ತಿರುಗಿಸಿಟ್ಟದ್ದು ಒಂದು ಚಿಕ್ಕ ಬದಲಾವಣೆ. ಕಾವಲುಗಾರ ಟಾರ್ಚ್ ಬಿಡದೆಯೇ ಅಡಿಯಲ್ಲಿ ಹಳದಿ ಕಾಣುತ್ತದೆಯೋ ಇಲ್ಲವೋ ಎಂದು ನೋಡಬಹುದು. ಗೇಟಿನ ಚೀಟಿಯಲ್ಲಿ ಎರಡು ಬೀಗಗಳಿಗೆ ಎರಡು ಕಲಂ ಇವೆ. ಅವು ತುಂಬಿಲ್ಲದಿದ್ದರೆ ಲಾರಿ ಹೊರಗೆ ಹೋಗುವಂತಿಲ್ಲ. ಮೊದಮೊದಲು ಗೊಣಗಾಟವಿತ್ತು, ಈಗ ಯಾರೂ ಅದರ ಸುದ್ದಿ ಎತ್ತುವುದಿಲ್ಲ.

ಜಿಪಿಎಸ್ ಸಾಧನ ಇದ್ದರೆ ಬೀಗವೇಕೆ ಎನ್ನುವವರಿದ್ದಾರೆ. ನಮ್ಮಲ್ಲಿ ಎರಡೂ ಇವೆ. ಸಾಧನದ ಸಂಕೇತವನ್ನು ಜಾಮರ್ ನುಂಗಿಬಿಡಬಲ್ಲದು, ಉಕ್ಕಿನ ಪೆಟ್ಟಿಗೆಯ ಒಳಗಿಟ್ಟರೆ ಉಪಗ್ರಹದ ಸಂಕೇತವೇ ತಲುಪುವುದಿಲ್ಲ, ಬ್ಯಾಟರಿ ತೀರಿದರೆ ಮೌನ. ಎಲ್ಲವೂ ಸರಿಯಿದ್ದರೂ ನಡುರಾತ್ರಿ ಬಂದ ಎಚ್ಚರಿಕೆಯನ್ನು ನೋಡಲು ಒಬ್ಬರು ಎಚ್ಚರವಿರಬೇಕು. ಬೀಗ ಕಳ್ಳನನ್ನು ಅಂಗಳದೊಳಗೇ ಹಿಡಿದು ನಿಲ್ಲಿಸುವಷ್ಟು ಹೊತ್ತಿನಲ್ಲಿ ಯಾರಾದರೂ ಬಂದರೆ ಆಯಿತು. ಟ್ರೈಲರ್ ರಸ್ತೆಗೆ ಬಿದ್ದ ಮೇಲೆ ಅದು ಹುಡುಕಾಟ, ತಡೆಯುವುದಲ್ಲ.

ನಿರ್ವಹಣೆಯೆಂದರೆ ಬೀಗದ ಬಾಯಿಗೆ ಗ್ರ್ಯಾಫೈಟ್ ಪುಡಿಯಂಥ ಒಣ ಕೀಲೆಣ್ಣೆ ಮಾತ್ರ. ಹತ್ತಿರದಲ್ಲೇ ಡಬ್ಬಿ ಇದೆಯೆಂದು ಗ್ರೀಸ್ ತುಂಬಿದರೆ ದೂಳು ಅಂಟಿ ಒಳಗಿನ ಬಿಲ್ಲೆಗಳು ಅಲುಗಾಡದಂತಾಗುತ್ತವೆ. ವಾರಗಟ್ಟಲೆ ಕದಲದೆ ನಿಂತ ಟ್ರೈಲರ್‌ಗಳ ಬೀಗಗಳನ್ನು ಆಗಾಗ ತೆಗೆದು ಹಾಕಿ ನೋಡಬೇಕು. ಮೊದಲು ಕೈಕೊಡುವುದು ಅವೇ. ಬೇರೆಯವರಿಂದ ಬಾಡಿಗೆಗೆ ತಂದ ಭಾರೀ ಟ್ರೈಲರ್‌ಗಳಲ್ಲಿ ಕೆಲವಕ್ಕೆ ಮೂರೂವರೆ ಇಂಚಿನ ಗೂಟ ಇರುತ್ತದೆ, ಎರಡು ಇಂಚಿನ ಬೀಗ ಅದಕ್ಕೆ ಕೂಡುವುದಿಲ್ಲ. ಅಂಥವಕ್ಕಾಗಿ ಬೇರೆ ಬೀಗಗಳನ್ನು ಕಚೇರಿಯಲ್ಲೇ ಇಟ್ಟಿದ್ದೇನೆ.

ಇನ್ನೂ ಪೂರ್ತಿ ಬಗೆಹರಿಯದೆ ಉಳಿದಿರುವುದು ಗ್ರಾಹಕರ ಗೋದಾಮುಗಳಲ್ಲಿ ಬಿಟ್ಟು ಬರುವ ಟ್ರೈಲರ್‌ಗಳ ಪ್ರಶ್ನೆ. ಅಲ್ಲಿ ಅವರದೇ ಲಾರಿ ನಮ್ಮ ಟ್ರೈಲರನ್ನು ಒಂದು ಬಾಗಿಲಿನಿಂದ ಇನ್ನೊಂದಕ್ಕೆ ಸರಿಸುತ್ತಿರುತ್ತದೆ, ಬೀಗ ಇದ್ದರೆ ಅವರ ಕೆಲಸ ನಿಲ್ಲುತ್ತದೆ, ಕೀಲಿ ಕೊಟ್ಟರೆ ನಮ್ಮ ಲೆಕ್ಕ ತಪ್ಪುತ್ತದೆ. ಸದ್ಯಕ್ಕೆ ಅವರಿಗಾಗಿ ಪ್ರತ್ಯೇಕ ಕೀಲಿಯ ಬೀಗಗಳ ಗುಂಪೊಂದನ್ನು ಮಾಡಿ, ಸಂಜೆ ಗೋದಾಮು ಮುಚ್ಚುವಾಗ ಬೀಗ ಹಾಕುವ ಹೊಣೆ ಅವರ ಕಾವಲುಗಾರನದು ಎಂದು ಒಪ್ಪಂದದಲ್ಲಿ ಸೇರಿಸುತ್ತಿದ್ದೇವೆ. ಕೆಲವರು ಸಹಿ ಹಾಕಿದ್ದಾರೆ. ಹಾಕದವರ ಗೋದಾಮಿನಲ್ಲಿ ತುಂಬಿದ ಟ್ರೈಲರನ್ನು ರಾತ್ರಿ ಬಿಡಬಾರದು ಎಂದು ಚಾಲಕರಿಗೆ ಹೇಳಿದ್ದೇನೆ.